ತಪ್ಪು ಮನೆ ಸೇರಿದ ನರ

ಬೆಳಿಗ್ಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸುತ್ತಿದ್ದಾಗ, ನಾನು ಉಗಿಯುವ ಮೊದಲೇ ನೀರು ಎಡಗಡೆಯ ತುಟಿಯಂಚಿನಿಂದ ಸೋರಿ ಕತ್ತಿಗಿಳಿಯಿತು. ಕನ್ನಡಿ ನೋಡಿಕೊಂಡೆ. ಬಲಗಡೆಯ ಮುಖ ನನ್ನದೇ ಇತ್ತು. ಎಡಗಡೆ ಹುಬ್ಬು ಏರುತ್ತಿರಲಿಲ್ಲ, ಕಣ್ಣು ಮುಚ್ಚುತ್ತಿರಲಿಲ್ಲ, ಕೆನ್ನೆ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ನನಗೆ ಮೊದಲು ಆದದ್ದು ಭಯವಲ್ಲ, ಹೇಸಿಗೆ. ಆ ಹೇಸಿಗೆ ಇವತ್ತಿಗೂ ಪೂರ್ತಿ ಹೋಗಿಲ್ಲ, ಅದಕ್ಕೆ ಕಾರಣ ಬರೀ ಮುಖವಲ್ಲ.

ಇದು ಎರಡು ಸಾವಿರದ ಹನ್ನೆರಡರ ಮಾತು. ಅಟ್ಟೂರಿನಲ್ಲಿ ನಮ್ಮದು ಹಳೆಯ ಊರಿನ ಕೂಡುಕುಟುಂಬ. ರಾಗಿ ಬೆಳೆಯುತ್ತಿದ್ದ ಹೊಲ ಲೇಔಟ್ ಆಗಿ, ಹೆಂಚಿನ ಮನೆ ಮೂರಂತಸ್ತಾಗಿ, ಕೆಳಗಡೆ ಬಾಡಿಗೆಯವರು ಬಂದಿದ್ದರೂ ಮನೆಯೊಳಗೆ ನಡೆಯುತ್ತಿದ್ದದ್ದು ದೊಡ್ಡಮಾವನ ಮಾತೇ. ದೊಡ್ಡಮಾವ ಅಂದರೆ ನನ್ನ ಮಾವನವರ ಅಣ್ಣ. ಸೈಟುಗಳ ಭಾಗ ಇನ್ನೂ ಆಗಿರಲಿಲ್ಲ, ಹಾಗಾಗಿ ಅವರೆದುರು ಯಾರೂ ಉಸಿರೆತ್ತುತ್ತಿರಲಿಲ್ಲ. ನನ್ನ ಗಂಡನ ವಿಷಯ ಕೇಳುವುದೇ ಬೇಡ. ನಾನು ಯಲಹಂಕ ನ್ಯೂಟೌನಿನ ಪುಟ್ಟ ಶಾಲೆಯೊಂದರಲ್ಲಿ ಎಲ್‌ಕೆಜಿ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದೆ. ಮುಖ ತೋರಿಸಿ, ಬಾಯಿ ಆಡಿಸಿ ಮಾಡುವ ಕೆಲಸ. ಪ, ಬ, ಮ ಹೇಳಬೇಕಾದರೆ ಎರಡು ತುಟಿ ಕೂಡಬೇಕು. ನನ್ನವು ಕೂಡುತ್ತಿರಲಿಲ್ಲ. ಮುಖ ಮೊದಲಿನಂತಾಗಬೇಕು, ಅದೊಂದು ಬಿಟ್ಟು ಆಗ ನನಗೆ ಬೇರೇನೂ ಬೇಕಿರಲಿಲ್ಲ.

ಗಂಡ ಯಾರಿಗೂ ಹೇಳದೆ ಹೆಬ್ಬಾಳದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿ ನರಗಳ ಡಾಕ್ಟರಮ್ಮ ನನ್ನ ಹಣೆ, ಕಣ್ಣು, ಬಾಯಿ ಎಲ್ಲ ಪರೀಕ್ಷಿಸಿ, "ಗಾಬರಿ ಬೇಡಮ್ಮಾ, ಸ್ಟ್ರೋಕ್ ಅಲ್ಲ, ಮುಖದ ನರ ಊದ್ಕೊಂಡಿದೆ," ಎಂದರು. ಆಮೇಲೆ ತಮ್ಮ ಅಂಗೈಯನ್ನೇ ತಮ್ಮ ಕೆನ್ನೆಗೆ ಒತ್ತಿ ಬೆರಳು ಅಗಲಿಸಿದರು. ಮಣಿಕಟ್ಟು ಕಿವಿಯ ಕೆಳಗೆ ಬಂತು.

"ಕಿವಿ ಹಿಂದೆ ಮೂಳೆಯೊಳಗೆ ಒಂದು ಕಿರಿದಾದ ದಾರಿ ಇದೆ. ನರ ಅದರಲ್ಲಿ ತೂರಿ ಬಂದು ಹೀಗೆ ಐದು ಕವಲಾಗುತ್ತೆ. ಹಣೆಗೊಂದು, ಕಣ್ಣಿಗೊಂದು, ಕೆನ್ನೆಗೊಂದು, ತುಟಿಗೊಂದು, ಕತ್ತಿಗೊಂದು. ಆ ದಾರೀಲೇ ನರ ಊದ್ಕೊಂಡ್ರೆ ಎಲ್ಲಾನೂ ಒಟ್ಟಿಗೆ ಮಲಗುತ್ತೆ."

ದಾರಿಯಲ್ಲಿ ಅದು ಇನ್ನೂ ಕೆಲವು ಕಡೆಗೆ ಎಳೆ ಬಿಟ್ಟು ಬರುತ್ತದಂತೆ. ಕಣ್ಣೀರಿನ ಗ್ರಂಥಿಗೆ, ಜೊಲ್ಲಿನ ಗ್ರಂಥಿಗೆ, ನಾಲಿಗೆಯ ಮುಂಭಾಗದ ರುಚಿಗೆ. ಕಿವಿಯೊಳಗೆ ದೊಡ್ಡ ಸದ್ದನ್ನು ತಗ್ಗಿಸುವ ಅಕ್ಕಿಕಾಳಿಗಿಂತ ಚಿಕ್ಕ ಸ್ನಾಯುವೊಂದಿದೆ, ಅದಕ್ಕೂ. ಬೆಳಿಗ್ಗೆ ಕುಕ್ಕರಿನ ಸೀಟಿ ಕಪಾಳಕ್ಕೆ ಹೊಡೆದಂತೆ ಕೇಳಿಸಿದ್ದು, ಕಾಫಿ ಕಬ್ಬಿಣ ನೆಕ್ಕಿದಂತಿದ್ದದ್ದು ಯಾಕೆಂದು ಆಗ ತಿಳಿಯಿತು.

"ಮಾತ್ರೆ ಇವತ್ತೇ ಶುರು ಮಾಡ್ಬೇಕು. ಮೊದಲ ಎರಡ್ಮೂರು ದಿನ ತುಂಬಾ ಮುಖ್ಯ," ಎಂದು ಅವರು ನನಗಲ್ಲ, ನನ್ನ ಗಂಡನಿಗೆ ಹೇಳಿದರು. ಅವನು ತಲೆಯಾಡಿಸಿದ. ತಲೆಯಾಡಿಸುವುದು ಅವನಿಗೆ ಚೆನ್ನಾಗಿ ಬರುತ್ತದೆ.

ಮನೆಗೆ ಬರುವಷ್ಟರಲ್ಲಿ ಸುದ್ದಿ ದೊಡ್ಡಮಾವನಿಗೆ ಮುಟ್ಟಿತ್ತು. ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, ಸಂತೆಯಲ್ಲಿ ಎತ್ತಿನ ಬಾಯಿ ನೋಡುವಂತೆ ನೋಡಿದರು.

"ಗಾಳಿ ಸೋಕೈತೆ. ಇದುಕ್ಕೆ ಇಂಗ್ಲಿಸ್ ಮಾತ್ರೆ ನುಂಗಿದ್ರೆ ನಾಟಿ ಔಸ್ದಿ ಇಡಿಯಾಕಿಲ್ಲ. ಕೊಡಿಲ್ಲಿ," ಎಂದು ಮಾತ್ರೆಯ ಕವರನ್ನು ಇಸಿದುಕೊಂಡು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದರು.

ರೂಮಿಗೆ ಹೋಗಿ ಗಂಡನನ್ನು ಕೇಳಿದೆ. "ದೊಡ್ಡಪ್ಪ ಹೇಳಿದ್ಮೇಲೆ ಏನ್ ಮಾಡೋಕಾಗುತ್ತೆ? ಒಂದು ವಾರ ನೋಡೋಣ ಇರು," ಎಂದ.

ಮಾರನೆಯ ದಿನ ದೊಡ್ಡಮಾವ ನನ್ನನ್ನು ಪುಟ್ಟೇನಹಳ್ಳಿ ಕೆರೆಯ ಆಚೆ, ಶೀಟಿನ ಮನೆಯೊಂದಕ್ಕೆ ಕರೆದೊಯ್ದರು. ಔಷಧಿ ಕೊಡುವವನು ಯಾವುದೋ ಸೊಪ್ಪನ್ನು ಬಾಯಿಗೆ ತುರುಕಿಕೊಂಡು ಅಗಿಯುತ್ತ ಬಂದ. ಹೊಗೆಸೊಪ್ಪು ತಿಂದು ಕಪ್ಪಾದ ಹಲ್ಲು. ಅರೆದು ಕೊಡುತ್ತಾನೆ ಎಂದುಕೊಂಡಿದ್ದೆ. ಅವನ ಬಾಯೇ ಅರೆಯುವ ಕಲ್ಲು ಎಂದು ಗೊತ್ತಾಗುವಷ್ಟರಲ್ಲಿ ಅವನು ನನ್ನ ತಲೆ ವಾಲಿಸಿ ಕಿವಿಗೆ ಉಗಿದ. ಆಮೇಲೆ ಕೆನ್ನೆಗೆ ಉಗಿದು, ಆ ಬೆಚ್ಚಗಿನ ಜೊಲ್ಲನ್ನು ಹೆಬ್ಬೆರಳಿನಿಂದ ಸವರಿದ. ಮುಚ್ಚಲಾಗದ ನನ್ನ ಕಣ್ಣಿಗೂ ಒಂದಿಷ್ಟು ಹರಿಯಿತು. ಅಸಹ್ಯವಾದಾಗ ಮುಖ ಸಿಂಡರಿಸುವುದಕ್ಕೂ ಆ ನರವೇ ಬೇಕು. ನನಗೆ ಅರ್ಧ ಸಿಂಡರಿಸಲು ಮಾತ್ರ ಬಂತು, ಇನ್ನರ್ಧ ಒಪ್ಪಿಕೊಂಡವಳಂತೆ ಸುಮ್ಮನಿತ್ತು.

ಬಟ್ಟೆ ಕಟ್ಟಿದ. ಬಿಚ್ಚುವ ಹಾಗಿಲ್ಲ, ಒಂದು ವಾರ ತಲೆಗೆ ನೀರು ಹಾಕುವ ಹಾಗಿಲ್ಲ, ಆಸ್ಪತ್ರೆಯ ಮಾತ್ರೆ ಮುಟ್ಟುವ ಹಾಗಿಲ್ಲ. ಎರಡನೆಯ ದಿನಕ್ಕೆ ಬಟ್ಟೆ ಹಳಸಿದ ಹಿಟ್ಟಿನ ವಾಸನೆ ಹೊಡೆಯತೊಡಗಿತು. ಊಟ ಎಡಗೆನ್ನೆಯ ಸಂದಿಯಲ್ಲೇ ಉಳಿದು ಕೊಳೆಯುತ್ತಿತ್ತು, ನಾನು ಬೆರಳು ಹಾಕಿ ತೆಗೆಯುತ್ತಿದ್ದೆ. ಇಷ್ಟು ಸಾಲದೆಂದು ನೋಡಲು ಬರುವ ನೆಂಟರು. ಬ್ರೆಡ್ಡು, ಬಾಳೆಹಣ್ಣು ಕೈಗಿಟ್ಟು, ಎದುರಿಗೆ ಕೂತು, "ಎಲ್ಲಿ, ಒಂದ್ಸಲ ನಗು ನೋಡಾನ," ಎನ್ನುವರು. ಬಂದವರೆಲ್ಲ ಅದನ್ನೇ ಕೇಳಿದರು. ನಾನು ನಗುತ್ತಿದ್ದೆ. ಬಾಯಿ ಒಂದೇ ಕಡೆಗೆ ಓಡುತ್ತಿತ್ತು. ಅವರು 'ಅಯ್ಯೋ ಪಾಪ' ಎಂದು ತೃಪ್ತಿಯಿಂದ ಕಾಫಿ ಕುಡಿಯುತ್ತಿದ್ದರು.

ವಾರ ಕಳೆದು ಬಟ್ಟೆ ಬಿಚ್ಚಿದಾಗ ಮುಖ ಹಾಗೇ ಇತ್ತು, ಮೇಲೆ ಒಂದಿಷ್ಟು ಗುಳ್ಳೆ ಎದ್ದಿದ್ದವು. ಆಗ ನಾನೇ ಬಸ್ಸು ಹತ್ತಿ ಹೆಬ್ಬಾಳಕ್ಕೆ ಹೋದೆ. ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮುಖ ನಿಧಾನವಾಗಿ, ತಿಂಗಳುಗಟ್ಟಲೆ ತೆಗೆದುಕೊಂಡು ವಾಪಸು ಬಂತು. ತುಟಿ ಕೂಡಿತು, ಪ ಫ ಬ ಭ ಮ ಬಾಯಿಗೆ ಬಂದವು. ಆದರೆ ಬಂದದ್ದು ಸರಿಯಾಗಿ ಬರಲಿಲ್ಲ. ನಕ್ಕರೆ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಅದಕ್ಕಿಂತ ಕೆಟ್ಟದ್ದು, ಊಟಕ್ಕೆ ಕೂತರೆ ಎಡಗಣ್ಣಿನಿಂದ ಧಾರೆಯಾಗಿ ನೀರು.

"ಜೊಲ್ಲಿನ ಗ್ರಂಥಿಗೆ ಹೋಗ್ಬೇಕಾಗಿದ್ದ ಎಳೆಗಳು ಮತ್ತೆ ಬೆಳೆಯೋವಾಗ ದಾರಿ ತಪ್ಪಿ ಕಣ್ಣೀರಿನ ಗ್ರಂಥಿಗೆ ಹೋಗಿವೆ," ಎಂದರು ಡಾಕ್ಟರಮ್ಮ. "ತಪ್ಪು ಮನೆ ಸೇರ್ಕೊಂಡಂಗೆ. ಬಾಯಲ್ಲಿ ನೀರೂರ್ಬೇಕಾದಾಗ ಕಣ್ಣಲ್ಲಿ ಬರುತ್ತೆ. ಹುಳಿ ತಿಂದ್ರೆ ಇನ್ನೂ ಜಾಸ್ತಿ."

"ಮೊದಲೇ ಮಾತ್ರೆ ತಗೊಂಡಿದ್ರೆ?"

"ಹೀಗಾಗ್ತಾನೇ ಇರ್ಲಿಲ್ಲ ಅಂತ ಖಂಡಿತವಾಗಿ ಹೇಳೋಕಾಗಲ್ಲ. ಆದ್ರೆ ತಗೋಬೇಕಾಗಿತ್ತು."

ದೊಡ್ಡಮಾವ ಮಾತ್ರ ಗೆದ್ದವರಂತೆ ಓಡಾಡಿದರು. ಮನೆಗೆ ಬಂದವರೆದುರು ನನ್ನನ್ನು ಕರೆಸಿ, "ನಮ್ ಔಸ್ದೀಲೇ ವಾಸಿ ಆಗಿದ್ದು. ನಗಮ್ಮಾ," ಎನ್ನುತ್ತಿದ್ದರು. ನನಗೆ ಅವರ ಬೆಳ್ಳಿಕಡಗ, ಅವರ ಕೆಮ್ಮು, ಅವರು ಊಟದ ನಂತರ ತಟ್ಟೆಯಲ್ಲೇ ಕೈ ತೊಳೆಯುವ ರೀತಿ, ಎಲ್ಲವೂ ವಾಕರಿಕೆ ತರಿಸುತ್ತಿದ್ದವು. ಶಾಲೆಯಲ್ಲಿ ಒಬ್ಬಳು ಪುಟ್ಟ ಹುಡುಗಿ, "ಮಿಸ್, ಟಿಫನ್ ತಿನ್ನೋವಾಗ ಯಾಕೆ ಅಳ್ತೀರಾ?" ಎಂದು ಕೇಳಿದ ಮೇಲೆ ಜನರೆದುರು ತಿನ್ನುವುದನ್ನೇ ಬಿಟ್ಟೆ. ಮದುವೆ, ಗೃಹಪ್ರವೇಶಕ್ಕೆ ಹೋದರೆ ಮುಯ್ಯಿ ಕೊಟ್ಟು ಹಸಿದುಕೊಂಡು ಬರುತ್ತಿದ್ದೆ.

ನಾಲ್ಕು ವರ್ಷದ ಮೇಲೆ ದೊಡ್ಡಮಾವ ತೀರಿಕೊಂಡರು. ಅಳಲು ಯಾರಿಗೂ ಪುರುಸೊತ್ತಿರಲಿಲ್ಲ. ಹೆಣ ಒಳಗಿರುವಾಗಲೇ ಗಂಡುಮಕ್ಕಳು ಗೇಟಿನ ಹತ್ತಿರ ನಿಂತು ಮೂಲೆ ಸೈಟು ಯಾರಿಗೆ ಎಂದು ಗುಸುಗುಸು ನಡೆಸಿದ್ದರು, ನನ್ನ ಗಂಡನೂ ಅವರ ನಡುವೆಯೇ ಇದ್ದ. ಅವರ ಹೆಂಡತಿ ದೊಡ್ಡತ್ತೆ ಗೋಡೆಗೊರಗಿ ಒಣಕಣ್ಣಿನಲ್ಲೇ ಕೂತಿದ್ದರು. ಆ ಮನುಷ್ಯನ ಜೊತೆ ಬದುಕಿದವರು ಅವರು, ಅವರನ್ನು ನಾನು ಅನ್ನಲಾರೆ.

ಹನ್ನೊಂದನೆಯ ದಿನದ ತಿಥಿಗೆ ರಸ್ತೆಯುದ್ದ ಶಾಮಿಯಾನ. ಆ ದಿನ ಸೊಸೆಯಂದಿರು ಪಂಕ್ತಿಯಲ್ಲಿ ಕೂರಲೇಬೇಕೆಂದರು. ನನ್ನನ್ನು ದೊಡ್ಡತ್ತೆಯ ಪಕ್ಕಕ್ಕೇ ಕೂರಿಸಿದರು. ತಲೆ ತಗ್ಗಿಸಿ ಎರಡು ತುತ್ತು ತಿಂದಿದ್ದೆ, ಅಷ್ಟರಲ್ಲಿ ಕಣ್ಣೀರು ಶುರುವಾಯಿತು. ಎದುರು ಸಾಲಿನ ಹೆಂಗಸೊಬ್ಬರು ಪಕ್ಕದವರಿಗೆ, "ನೋಡು, ಸ್ವಂತ ಮಗಳಿಗೂ ಇಷ್ಟು ಅಭಿಮಾನ ಇರಕಿಲ್ಲ," ಎಂದರು. ನನ್ನ ಕಿವಿಗೆ ಉಗಿಸಿದ ಮನುಷ್ಯನಿಗೆ ನನ್ನ ಕಣ್ಣೇ ಮರ್ಯಾದೆ ಮಾಡುತ್ತಿತ್ತು. ಸೆರಗಿನಿಂದ ಒರೆಸಿಕೊಳ್ಳಲು ಹೋದೆ. ದೊಡ್ಡತ್ತೆ ಎಡಗೈಯಿಂದ ನನ್ನ ಕೈ ಹಿಡಿದುಕೊಂಡರು.

"ನಾನು ಅಳ್ತಿಲ್ಲ ದೊಡ್ಡತ್ತೆ. ಊಟ ಮಾಡಿದ್ರೆ ಹಿಂಗಾಗುತ್ತೆ."

"ಗೊತ್ತು ಕಣವ್ವಾ," ಎಂದರು ತಗ್ಗಿದ ದನಿಯಲ್ಲಿ. "ಒರೆಸ್ಕೋಬ್ಯಾಡ. ಮನೇಲಿ ಒಬ್ರೂ ಅಳ್ನಿಲ್ಲ ಅಂತ ನೆಂಟ್ರು ಆಡ್ಕೋತಾವ್ರೆ."

ಆಮೇಲೆ ಬಡಿಸುವವನನ್ನು ಕರೆದು, "ಇವಳ ಎಲೆಗೊಸಿ ನಿಂಬೆಕಾಯಿ ಉಪ್ಪಿನಕಾಯಿ ಆಕಪ್ಪಾ," ಎಂದರು.

ನಾನು ಅದನ್ನು ಮುಟ್ಟಲಿಲ್ಲ. ಮುಟ್ಟಬೇಕಾದ ಅಗತ್ಯವೂ ಇರಲಿಲ್ಲ, ವಾಸನೆಯೇ ಸಾಕಾಯಿತು. ನೀರು ಗಲ್ಲದಿಂದ ತೊಟ್ಟಿಕ್ಕಿ ಎಲೆಯ ಮೇಲೆ ಬೀಳುತ್ತಿತ್ತು, ದೊಡ್ಡತ್ತೆ ಎಲ್ಲರಿಗೂ ಕಾಣುವ ಹಾಗೆ ನನ್ನ ಬೆನ್ನು ಸವರುತ್ತಿದ್ದರು.