ಒಡೆದ ರಬ್ಬರ್ ಬುಶ್

ಗಂಡನ ಬೆನ್ನುಮೂಳೆಗೆ ಕ್ಯಾನ್ಸರ್ ಹಬ್ಬಿದ ಮೇಲೆ ಖಾನಾಪುರದಿಂದ ನೆಹರು ನಗರದ ಆಸ್ಪತ್ರೆಗೆ ಅವರನ್ನು ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು. ನನಗೆ ಡ್ರೈವಿಂಗ್ ಕಲಿಸಿದವರು ಅವರೇ. ಕಲಿಸಿದ್ದಕ್ಕಿಂತ ಬೈದದ್ದೇ ಹೆಚ್ಚು. ಈಗ ಹಿಂದಿನ ಸೀಟಿನಲ್ಲಿ ದಿಂಬುಗಳ ನಡುವೆ ಮಲಗಿ ಬೈಯುತ್ತಿದ್ದರು. ಚಕ್ರ ಸಣ್ಣ ಕಲ್ಲು ಹತ್ತಿದರೂ ನರಳುತ್ತಿದ್ದರು. ಒಂದು ದಿನ, ಈ ಗಾಡಿಯಲ್ಲಿ ಇನ್ನು ಬರುವುದಿಲ್ಲ, ಚಿಕಿತ್ಸೆಯೂ ಬೇಡ ಎಂದುಬಿಟ್ಟರು. ಬಾಡಿಗೆ ಕಾರಿಗೂ ಒಪ್ಪಲಿಲ್ಲ. ಪರರ ಮುಂದೆ ನರಳಲು ಅವರಿಗೆ ನಾಚಿಕೆ.

ಅದೇ ಹೊತ್ತಿಗೆ ಇಂಜಿನ್ ಎಣ್ಣೆ ಸೋರತೊಡಗಿತು. ವಡಗಾವಿಯ ಗ್ಯಾರೇಜಿನಲ್ಲಿ, ಪಕ್ಕದ ಮನೆಯ ಮಗ್ಗದ ಸದ್ದಿನ ನಡುವೆ, ಮಿಸ್ತ್ರಿ ಇಂಜಿನ್ನನ್ನು ಸರಪಳಿ ಕಟ್ಟಿ ಹೊರಗೆಳೆದಿದ್ದ. ಖಾಲಿಯಾದ ಜಾಗಕ್ಕೆ ಟಾರ್ಚ್ ಬಿಟ್ಟು ತೋರಿಸಿದ. ಸ್ಟೀರಿಂಗ್ ರ್ಯಾಕ್ ಸಡಿಲಾಗಿತ್ತು, ಚಕ್ರ ಹಿಡಿದ ತೋಳಿನಲ್ಲಿ ಪೆಟ್ಟು ತಡೆಯುವ ರಬ್ಬರ್ ಬುಶ್‌ಗಳು ಒಡೆದಿದ್ದವು. ಶಾಕ್ ಅಬ್ಸಾರ್ಬರ್‌ಗಳಂತೂ ನಾಲ್ಕೂ ಸತ್ತಿವೆ ಎಂದ.

"ಇಂಜಿನ್ ಇಳದೈತಿ, ಕೈ ಸರಳ ಹೋಗ್ತೈತಿ. ಈಗ ಮಾಡಿಸಿಬಿಡ್ರಿ ಅಕ್ಕಾ. ಹಿಂದ ಕುಂತವ್ರಿಗೆ ಪೆಟ್ಟು ಬೀಳೂದು ಇದರಿಂದನ."

ನನಗೆ ಅಷ್ಟೇ ಸಾಕಾಗಿತ್ತು. ಎಲ್ಲ ಬದಲಿಸು ಎಂದೆ. ಯಾವ ಡಾಕ್ಟರೂ ಕೊಡದ ಭರವಸೆಯನ್ನು ಮಿಸ್ತ್ರಿ ಕೊಟ್ಟಿದ್ದ. ಒಡೆದ ಬುಶ್ ಒಂದನ್ನು ಕಾಗದದಲ್ಲಿ ಸುತ್ತಿ, ಚೀಲಕ್ಕೆ ಹಾಕಿಕೊಂಡು ಖಾನಾಪುರದ ಬಸ್ಸು ಹತ್ತಿದೆ.

ಮನೆಯಲ್ಲಿ ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಬಹಳ ದಿನಗಳ ಮೇಲೆ ಮುಖದಲ್ಲಿ ಗೆಲುವು ಕಂಡಿತು.

"ನೋಡ, ಇದ ನನ್ನ ಸೊಂಟಾ ಮುರದದ್ದು," ಎಂದರು.

ಕಳ್ಳ ಸಿಕ್ಕಿಬಿದ್ದ ಹಾಗೆ ಇಬ್ಬರೂ ನಕ್ಕೆವು. ಗಾಡಿ ಬಂದರೆ ಆಸ್ಪತ್ರೆಗೆ ಹೋಗೋಣ ಎಂದು ತಾವಾಗಿಯೇ ಒಪ್ಪಿಕೊಂಡರು.

ಗಾಡಿ ಬಂತು. ಸ್ಟೀರಿಂಗ್ ಬೆರಳಲ್ಲೇ ತಿರುಗುತ್ತಿತ್ತು. ಊರೊಳಗಿನ ತಗ್ಗುಗಳನ್ನು ದಾಟುವಾಗ ಹಿಂದಿನಿಂದ ಸದ್ದೇ ಇಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ, ನಾಚಿಕೆಬಿಟ್ಟು ಏನೋ ಹಾಡು ಗುನುಗಿದೆ. ದೇಸೂರು ದಾಟಿದ ಮೇಲೆ ಹೆದ್ದಾರಿ ನೆಟ್ಟಗೆ, ನುಣ್ಣಗೆ ಸಾಗಿತ್ತು. ಗಾಡಿ ಒಂದಿಷ್ಟೂ ಅಲುಗಲಿಲ್ಲ. ಅಲ್ಲಿ ಅವರು ನರಳಿದರು. ಮೊದಲಿನಷ್ಟೇ ಜೋರಾಗಿ.

ಕನ್ನಡಿಯಲ್ಲಿ ನೋಡುವ ಧೈರ್ಯ ನನಗಾಗಲಿಲ್ಲ.

"ಹಂಪ್ ಇತ್ರಿ," ಎಂದೆ.

ಆ ರಸ್ತೆಯಲ್ಲಿ ಜೀವಮಾನವಿಡೀ ಗಾಡಿ ಓಡಿಸಿದವರು ಅವರು. ಹಂಪ್ ಎಲ್ಲಿದೆ, ಎಲ್ಲಿಲ್ಲ ಎಂಬುದು ನನಗಿಂತ ಚೆನ್ನಾಗಿ ಗೊತ್ತಿತ್ತು.

"ನೋಡ್ಕೊಂಡ ನಡಸ," ಎಂದರು.

ಅಷ್ಟು ಮೆತ್ತಗೆ ಅವರು ನನ್ನನ್ನು ಎಂದೂ ಬೈದಿರಲಿಲ್ಲ. ಅಲ್ಲಿಂದ ಆಸ್ಪತ್ರೆಯವರೆಗೆ ಅವರು ನರಳಿದಾಗಲೆಲ್ಲ, ಖಾಲಿ ರಸ್ತೆಯಲ್ಲಿ ಹಂಪ್ ಬಂದ ಹಾಗೆ ನಾನು ಬ್ರೇಕ್ ಒತ್ತುತ್ತ ಹೋದೆ.