ಅವ್ವನ ಬಳೆ, ನನ್ನ ಗೋಲಿ

ಇಬ್ರಾಹಿಂಪುರದ ನಮ್ಮ ಪಕ್ಕದ ಮನೆಯ ಹುಡುಗಿ ಕೋಣೆಯ ಗೋಡೆಗೆಲ್ಲ ಫೋಮ್ ಅಂಟಿಸಿ ಸ್ಟುಡಿಯೋ ಮಾಡಿಕೊಂಡಿದ್ದಾಳೆ. ಹಳೆಯ ನೆನಪು ಹೇಳಲು ನಿನ್ನೆ ನನ್ನನ್ನು ಕೂರಿಸಿದಳು.

"ಅಜ್ಜಾರ, ಕಿಸೆದಾಗ ಏನಿದ್ರೂ ತಗದಿಡ್ರಿ. ಮೈಕಿಗಿ ಎಲ್ಲಾ ಕೇಳಸ್ತೈತಿ."

ಚಾವಿ ತೆಗೆದಿಟ್ಟೆ, ಖಾಲಿ ಕಿಸೆಯನ್ನು ಮತ್ತೊಮ್ಮೆ ಮುಟ್ಟಿ ನೋಡಿಕೊಂಡೆ.

ಸಾರವಾಡದ ನನ್ನ ಅವ್ವ ಬೀಸುವ ಪದ ಹಾಡಲು ಒಮ್ಮೆ ರೇಡಿಯೋ ಸ್ಟುಡಿಯೋಕ್ಕೆ ಹೋಗಿದ್ದಳು, ಜೊತೆಗೆ ಆಗಿನ್ನೂ ಚಿಕ್ಕ ಹುಡುಗನಾಗಿದ್ದ ನಾನು. ದಪ್ಪ ಬಾಗಿಲು, ತೂತುತೂತಿನ ಗೋಡೆ. ಸೌಂಡ್‌ಪ್ರೂಫೋ ಸೌಂಡ್‌ಟೈಟೋ, ಕಾಲೇಜಿನ ಇಂಗ್ಲಿಷ್ ಈಗ ಅಷ್ಟಕ್ಕಷ್ಟೇ. ಗಾಜಿನಾಚೆ ಕುಳಿತ ಸಾಹೇಬರು ಬಳೆ ತೆಗೆಯಲು ಹೇಳಿದರು.

"ಮುತ್ತೈದಿ ಬರಿಗೈಲೆ ಹಾಡ್ತಾಳೇನ್ರಿ?" ಎಂದ ಅವ್ವ ಬಳೆಗಳ ಮೇಲೆ ಕರವಸ್ತ್ರ ಬಿಗಿದುಕೊಂಡಳು.

ಕೆಂಪು ದೀಪ ಹತ್ತಿತು. ಅವಳ ಹಿಂದೆ ಕುಳಿತ ನಾನು ಕಿಸೆಯಲ್ಲಿ ಗಾಜಿನ ಗೋಲಿಗಳನ್ನು ಆಡಿಸುತ್ತಿದ್ದೆ. ಹಾಡು ಮೂರು ಸಲ ನಿಂತಿತು.

"ಬಳಿ ಸಪ್ಪಳ ಬರಾಕತ್ತೈತಿ, ಸಾಕ್ ಬಿಡವ್ವಾ," ಎಂದರು ಸಾಹೇಬರು.

ಆ ಸಪ್ಪಳ ನನ್ನ ಗೋಲಿಯದೆಂದು ನನಗೆ ಗೊತ್ತಾಗಿತ್ತು. ಆದರೂ ಬಾಯಿ ಬಿಡಲಿಲ್ಲ.

ಬಸ್ಸಿನಲ್ಲಿ ಅವ್ವ ತನ್ನ ಕೈಗಳನ್ನೇ ನೋಡುತ್ತ, "ನಂದ ತಪ್ಪು ಬಿಡಪಾ," ಎಂದಳು. ಮತ್ತೆಂದೂ ಮೈಕಿನ ಮುಂದೆ ಹಾಡಲಿಲ್ಲ. ಅವ್ವ ಸಾಯುವವರೆಗೂ ಅವಳಿಗೆ ನಿಜ ಹೇಳಲಿಲ್ಲ. ಮುಂದೆ ನನ್ನ ಹೆಂಡತಿಗಾದರೂ ಹೇಳಬಹುದಿತ್ತು, ಅವಳೂ ತೀರಿಹೋದಳು.

"ಹೂಂ, ಹೇಳ್ರಿ ಅಜ್ಜಾರ," ಎಂದಳು ಹುಡುಗಿ ನಿನ್ನೆ.

ನಾನು ಹೊನವಾಡದ ದ್ರಾಕ್ಷಿ ತೋಟಗಳ ಬಗ್ಗೆ ಹತ್ತು ನಿಮಿಷ ಮಾತಾಡಿ ಎದ್ದು ಬಂದೆ.