ಅಣ್ಣ ತುಂಬಿಕೊಟ್ಟ ಡಬ್ಬಿ

ಕೊಪ್ಪಳ ಜಿಲ್ಲೆಯಾದಾಗಿನಿಂದ ಮರಳಿ ಎಂಬ ಊರಿನ ನಮ್ಮ ಓಣಿಗೆ ಏನನ್ನಾದರೂ ಎಣಿಸಲು ಬರುವವರಿಗೆ ಬರವಿಲ್ಲ. ದನ ಎಣಿಸಿದರು, ಬೋರು ಎಣಿಸಿದರು, ಪಾಯಖಾನೆ ಎಣಿಸಿದರು. ಜನಗಣತಿಯ ಡ್ಯೂಟಿ ಬಿದ್ದಾಗ ಸಾಲಿ ಮಾಸ್ತರನಾದ ನಾನೇ ಮಂದಿಯನ್ನು ಎಣಿಸಿದ್ದೇನೆ. ಆಗ ಬಾಗಿಲ ಸಂದಿನಿಂದ ನನ್ನನ್ನು ನೋಡಿದ ಅನುಮಾನದ ಕಣ್ಣುಗಳ ನೆನಪಿದೆ. ದೊಡ್ಡ ಕರುಳಿನ ಕ್ಯಾನ್ಸರ್ ಹುಡುಕಲೆಂದು ಮೆಡಿಕಲ್ ಕಾಲೇಜಿನ ತಂಡವೊಂದು ಬಂದು ನನ್ನ ಕೈಗೆ ಬೆರಳುದ್ದದ ಪ್ಲಾಸ್ಟಿಕ್ ಡಬ್ಬಿ ಕೊಟ್ಟಾಗ ನಾನೂ ಅದೇ ಕಣ್ಣು ಮಾಡಿದೆ.

ಡಬ್ಬಿಯ ಮುಚ್ಚಳಕ್ಕೆ ಒಂದು ಕಡ್ಡಿ. ಬೆಳಗಿನ ಮಲಕ್ಕೆ ಅದನ್ನು ಅಲ್ಲಲ್ಲಿ ಚುಚ್ಚಿ, ತಿರುಗಿ ಡಬ್ಬಿಯೊಳಗಿಟ್ಟು ಕೊಡಬೇಕು. ಕಣ್ಣಿಗೆ ಕಾಣದ ರಕ್ತವಿದ್ದರೂ ಪರೀಕ್ಷೆಯಲ್ಲಿ ಗೊತ್ತಾಗುತ್ತದಂತೆ. ಅದೆಲ್ಲ ಇರಲಿ, ಓಣಿಯಲ್ಲಿ ಅಷ್ಟೊಂದು ಮನೆಗಳಿರುವಾಗ ನಾನೇ ಯಾಕೆ?

"ಚೀಟಿ ಎತ್ತಿದಂಗ್ರಿ ಸರ, ಕಂಪ್ಯೂಟರ್ ಆರಿಸೈತಿ," ಎಂದಳು ತಂಡದ ಜೊತೆ ಬಂದಿದ್ದ ನಮ್ಮೂರ ಆಶಾ ಕಾರ್ಯಕರ್ತೆ.

"ಕಂಪ್ಯೂಟರಿಗೆ ನನ್ನ ಹೆಸರು ಯಾರು ಹೇಳಿದ್ರವಾ?"

"ಯಾರೂ ಹೇಳಿಲ್ರಿ. ರೋಗ ಇದ್ದವರನ್ನಷ್ಟ ಆರಿಸಿದ್ರ ಜಿಲ್ಲಾದಾಗ ಎಷ್ಟು ಮಂದಿಗೆ ಐತಿ ಅಂತ ತಿಳಿಯೂದು ಹೆಂಗ್ರಿ?"

ಮಾತು ಸರಿಯಾಗಿತ್ತು. ಅದಕ್ಕೇ ನನ್ನ ಅನುಮಾನ ಹೆಚ್ಚಾಯಿತು. ಸಂಜೆಯ ಹೊತ್ತಿಗೆ ಹೊಟ್ಟೆಯ ಎಡಬದಿಗೆ ಏನೋ ಸರಿದಾಡಿದಂತಾಯಿತು. "ಅದು ಮಧ್ಯಾಹ್ನ ತಿಂದ ಮಿರ್ಚಿ ಭಜಿ ಇರಬೇಕ್ರಿ," ಎಂದಳು ಹೆಂಡತಿ. ಅವಳು ಯಾವ ರೋಗವನ್ನೂ ನಾನು ಬಯಸಿದಷ್ಟು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ನಿಜವಾದ ತಕರಾರು ಎದ್ದದ್ದು ಗೋಡೆಯ ಆಚೆ. ನಮ್ಮದು ಮನೆ ಒಂದೇ, ಒಲೆ ಎರಡು. ಆ ಕಡೆ ಅಣ್ಣ, ಈ ಕಡೆ ನಾನು. ಹೊಸ ಅಕ್ಕಿಯಿರಲಿ, ಲಗ್ನಪತ್ರಿಕೆಯಿರಲಿ, ಅಂಗಳಕ್ಕೆ ಬಂದದ್ದು ಮೊದಲು ಹಿರಿಯನ ಕೈಗೆ ಹೋಗಬೇಕು. ಈ ರಿವಾಜು ಕಂಪ್ಯೂಟರಿಗೆ ಗೊತ್ತಿರಲಿಲ್ಲ.

"ಮನಿಗೆ ಹಿರಿಯಾ ನಾ ಇರಾಗ ಸಣ್ಣಾವ್ನ ಕೈಯಾಗ ಹೆಂಗ ಕೊಟ್ರು?"

"ಅಣ್ಣಾ, ಇದು ಮರ್ಯಾದಿ ಸಾಮಾನಲ್ಲೋ. ಒಳಗ ಏನು ತುಂಬಬೇಕು ಗೊತ್ತೈತೇನು?"

"ಏನರ ಇರಲಿ. ತಾ ಇಲ್ಲೆ."

ಕೊಟ್ಟೆ. ಪಾಯಖಾನೆ ಕಟ್ಟಿಸಿ ವರ್ಷಗಳಾದರೂ ಅಣ್ಣನಿಗೆ ಕಾಲುವೆಯ ದಂಡೆಯೇ ಆಗಬೇಕು. ಮರುದಿನ ಡಬ್ಬಿಯನ್ನು ಧೋತರದ ಚುಂಗಿಗೆ ಕಟ್ಟಿಕೊಂಡು ಪಂಚಾಯ್ತಿಗೆ ಹೊರಟವನಂತೆ ನಡೆದ. ಬಂದು, ನನ್ನ ಹೆಸರಿನ ಚೀಟಿ ಅಂಟಿದ್ದ ಅದೇ ಡಬ್ಬಿಯನ್ನು ಆಶಾಳ ಕೈಗೆ ತಾನೇ ಒಪ್ಪಿಸಿದ. ಅವಳು ಅದು ನನ್ನದೇ ಅಂದುಕೊಂಡಳು.

ಕೆಲವು ದಿನಗಳ ಮೇಲೆ ತಂಡದ ಡಾಕ್ಟರ್ ಹುಡುಗಿಯೊಬ್ಬಳಿಂದ ನನಗೆ ಫೋನು. "ಸರ, ನಿಮ್ಮ ಡಬ್ಬಿಯಾಗ ರಕ್ತ ಕಂಡೈತ್ರಿ. ಗಾಬರಿ ಆಗಬ್ಯಾಡ್ರಿ, ಕ್ಯಾನ್ಸರಂತ ಅಲ್ಲ. ಆದ್ರ ಕೊಪ್ಪಳ ದವಾಖಾನಿಗೆ ಬಂದು ಕರುಳೊಳಗ ಕ್ಯಾಮೆರಾ ಬಿಟ್ಟು ನೋಡಿಸ್ಕೋಬೇಕು."

ಗೋಡೆಗೆ ಹಾಕಬೇಕಾದ ನನ್ನ ಫೋಟೋ ಯಾವುದೆಂದು ತೀರ್ಮಾನಿಸಿದ ಮೇಲೆಯೇ ನೆನಪಾದದ್ದು: ರಕ್ತ ನನ್ನದಲ್ಲ. ಉಸಿರು ಬಿಟ್ಟೆ. ಬಿಟ್ಟ ಉಸಿರು ಅರ್ಧಕ್ಕೇ ನಿಂತಿತು. ಹಾಗಾದರೆ ಅಣ್ಣನದು.

"ಹೆಸರು ನಿಂದು, ಫೋನು ನಿನಗ ಬಂದೈತಿ, ರಕ್ತಾನೂ ನಿಂದ," ಎಂದ ಅಣ್ಣ.

"ತುಂಬಿದಾಂವ ನೀ ಅಲ್ಲೇನು?"

"ಅವರು ಅದಲಿ ಬದಲಿ ಮಾಡ್ಯಾರ. ಆ ಮಂದಿ ಮ್ಯಾಲೆ ನನಗ ಮೊದಲಿಂದ ಸಂಶಯ."

ಸಂಶಯ ನನ್ನದು. ಅದನ್ನು ಅವನ ಬಾಯಲ್ಲಿ ಕೇಳಿದಾಗ ಎಷ್ಟು ಪೊಳ್ಳೆನಿಸಿತು!

ಆಗ ಅತ್ತಿಗೆ ಅಡುಗೆಮನೆಯಿಂದಲೇ ಹೇಳಿದರು: "ವರ್ಷಾತು, ಅಕ್ಕಿ ಮಿಲ್ಲಿಗೆ ಅಂತ ಗಂಗಾವತಿಗೆ ಹೋಗಿ ಮೂಲವ್ಯಾಧಿ ಗುಳಿಗಿ ತರತಾರ. ಕೇಳಿದ್ರ ಉಷ್ಣ ಅಂತಾರ."

ಚಿಂತೆ ಮಾಡುವುದೊಂದೇ ನನಗೆ ಬರುವ ವಿದ್ಯೆ. ಗೋಡೆಯಾಚೆ ಒಂದು ವರ್ಷ ರಕ್ತ ಹೋಗಿದೆ, ನಾನು ನನ್ನ ಹೊಟ್ಟೆಯ ಮಿರ್ಚಿಗೇ ಕಿವಿಗೊಟ್ಟು ಕೂತಿದ್ದೆ. ಅಣ್ಣ ದವಾಖಾನೆಗೆ ಹೋಗಲೇಬೇಕಿತ್ತು. ಬೇಡಿಕೊಂಡೆ, ಬೈದೆ, ಅವನು ಜಗ್ಗಲಿಲ್ಲ. ಕೊನೆಗೆ ಅಂದೆ:

"ಆತು ಬಿಡು. ಕ್ಯಾಮೆರಾ ಮೊದಲು ನನಗ ಹಾಕ್ಲಿ. ನೀ ಹೊರಗ ಕುಂದ್ರು."

ಅವನು ಹೂಂ ಅಂದುಬಿಟ್ಟರೆ ಏನು ಗತಿ ಎಂದು ಬೆವರಿದೆ. ಅಣ್ಣ ಟವೆಲ್ ಕೊಡವಿ ಹೆಗಲಿಗೆ ಹಾಕಿದ.

"ಹಿರಿಯಾ ಇರಾಗ ನೀ ಹೆಂಗಲೇ ಮೊದಲು?"

ಕೊಪ್ಪಳದ ದವಾಖಾನೆಯಲ್ಲಿ ಡಬ್ಬಿಯ ಕಥೆಯನ್ನೆಲ್ಲ ಹೇಳಿದಾಗ ಆ ಡಾಕ್ಟರ್ ಹುಡುಗಿ ನಮ್ಮಿಬ್ಬರನ್ನೂ ಕದ್ದ ಸೈಕಲ್ಲಿನ ಜೊತೆ ಸಿಕ್ಕವರಂತೆ ನೋಡಿದಳು. "ಇವರು ನಮ್ಮ ಅಧ್ಯಯನಕ್ಕ ಸೇರಂಗಿಲ್ರಿ," ಅಂದಳು.

"ಅಂದ್ರ ನಾ ಲೆಕ್ಕಕ್ಕಿಲ್ಲೇನು?" ಅಣ್ಣ ಎದ್ದು ನಿಂತ.

"ಲೆಕ್ಕಕ್ಕಿಲ್ಲ ಅಜ್ಜಾರ. ಆದ್ರ ರಕ್ತ ಹೊಂಟೈತಲ್ರಿ, ನೋಡದ ಹೆಂಗ ಬಿಡೂದು?"

ಅಜ್ಜಾರ ಅಂದದ್ದಕ್ಕೆ ಅವನಿಗೆ ಇನ್ನಷ್ಟು ಸಿಟ್ಟು. ಆದರೂ ಹೇಳಿದ ದಿನ ಹೊಟ್ಟೆ ತೊಳೆಯುವ ಔಷಧ ಕುಡಿದು ಬಂದು ಮಲಗಿದ. ಕರುಳಿನಲ್ಲಿ ಬೋರೆಹಣ್ಣಿನಷ್ಟು ಗಂಟು ಸಿಕ್ಕಿತು. ಅಲ್ಲೇ ತೆಗೆದು ತಪಾಸಣೆಗೆ ಕಳಿಸಿದರು. ರಿಪೋರ್ಟ್ ಬರುವತನಕ ನಮ್ಮ ಎರಡೂ ಒಲೆಯ ಅನ್ನ ಯಾರಿಗೂ ಇಳಿಯಲಿಲ್ಲ. ಇನ್ನೂ ಕ್ಯಾನ್ಸರ್ ಆಗಿರಲಿಲ್ಲ. ಬಿಟ್ಟಿದ್ದರೆ ಆಗಬಹುದಿತ್ತು ಅಂದರು. ಆ ರಿಪೋರ್ಟನ್ನು ನಾನು ಇನ್ನಿಬ್ಬರು ಡಾಕ್ಟರರಿಗೆ ತೋರಿಸಿದೆನೆಂಬುದು ಬೇರೆ ಮಾತು.

ಆಶಾ ಹೊಸ ಡಬ್ಬಿ ತಂದಳು. "ಈ ಸಲ ನಿಮ್ಮದ ಬೇಕ್ರಿ ಸರ. ಅಣ್ಣಾರದು ನಡಿಯಂಗಿಲ್ಲ."

"ಇಂವನ್ನ ನಂಬಬ್ಯಾಡವಾ, ನಾ ನಿಂತು ಮಾಡಸ್ತೀನಿ," ಎಂದ ಕಟ್ಟೆಯ ಮೇಲಿದ್ದ ಅಣ್ಣ.

ಮರುದಿನ ಮುಂಜಾನೆ ಪಾಯಖಾನೆಯ ಬಾಗಿಲ ಸಂದಿನಲ್ಲಿ ಅವನ ಧೋತರದ ಅಂಚು ಕಾಣುತ್ತಿತ್ತು. ನಾನು ಕಡ್ಡಿ ಹಿಡಿದು ಕೂತಿದ್ದೆ. ಹೆದರಿಕೆಗೆ ಏನೂ ಆಗುತ್ತಿರಲಿಲ್ಲ.

"ಆತೇನಲೇ?"

"ನೀ ನಿಂತ್ರ ಹೆಂಗ ಆಕ್ಕೈತೋ? ಹೋಗತ್ತಾಗ."

"ಸಾವಕಾಶ ಮಾಡು ತಮ್ಮಾ," ಎಂದ ಅಣ್ಣ, ಹೊರಗೆ ಬಕೆಟ್ಟು ಬೋರಲು ಹಾಕಿಕೊಂಡು ಕೂಡುತ್ತ. "ನಾ ಎಲ್ಲಿಗೂ ಹೋಗಂಗಿಲ್ಲ."